ದೇವರಕಾಡೋ, ನಾಟಾದ ಕಾಡೋ? ಬುಕಾನನ್‌ನ ಒಂದು ಸಾಲಿನ ಮರುಓದು

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ, ಎರಡನೆಯ ಲಾಮಾ ಕ್ಯಾಂಪಿನ ಪ್ರಾರ್ಥನಾ ಮಂದಿರವೊಂದರಲ್ಲಿ ಸಾಲುಗಂಬಗಳನ್ನು ನೋಡುತ್ತ ನಿಂತಿದ್ದಾಗ ಜೊತೆಗಿದ್ದ ಸಂಶೋಧಕ ಮಿತ್ರರೊಬ್ಬರು, ‘ಈ ನೆಲವೆಲ್ಲ ಒಂದು ಕಾಲಕ್ಕೆ ದೇವರಕಾಡೇ ಆಗಿತ್ತು, ಬುಕಾನನ್ನೇ ಬರೆದಿಟ್ಟಿದ್ದಾನಲ್ಲ’ ಎಂದರು. ಆ ಮಾತು ಅವರದಲ್ಲ. ಮೂವತ್ತು ನಲವತ್ತು ವರ್ಷಗಳಿಂದ ಒಂದು ಲೇಖನದಿಂದ ಇನ್ನೊಂದಕ್ಕೆ ದಾಟಿಕೊಂಡು ಬಂದದ್ದು. ಮೂಲದ ಮೂರು ಸಂಪುಟ ಕಪಾಟಿನಲ್ಲಿದ್ದರೂ ಉದ್ಧರಣೆಯಿಂದಲೇ ಉದ್ಧರಣೆ ಎತ್ತುವ ನಮ್ಮ ರೂಢಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಫ್ರಾನ್ಸಿಸ್ ಬುಕಾನನ್ ಉತ್ತರ ಕೆನರಾದಲ್ಲಿ ತಿರುಗಾಡಿದ್ದು 1801ರ ಆರಂಭದ ತಿಂಗಳುಗಳಲ್ಲಿ. ಪ್ರವಾಸ ಕಥನ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ವಿವಾದದ ಭಾಗ ಮೂರನೆಯ ಸಂಪುಟದಲ್ಲಿದೆ. ಅವನು ಹೇಳುವುದರ ಸಾರ ಇಷ್ಟು: ಕಾಡುಗಳು ಆಯಾ ಊರ ದೇವರ ಸೊತ್ತು. ಗೌಡನ ಅಪ್ಪಣೆ ಪಡೆಯದೆ ಮರ ಕಡಿಯುವಂತಿಲ್ಲ. ಗೌಡಿಕೆ ವಂಶಪಾರಂಪರ್ಯವಾಗಿ ಬಂದದ್ದು, ಊರ ದೇವರ ಪೂಜಾರಿಯೂ ಅವನೇ. ಅಪ್ಪಣೆ ಕೊಟ್ಟದ್ದಕ್ಕೆ ದೇವರಿಗೆ ಏನೂ ಸಲ್ಲುವುದಿಲ್ಲ, ಆದರೆ ಕೇಳದೆ ಕಡಿದವನಿಗೆ ದೇವರ ಮುನಿಸು ತಟ್ಟದೆ ಬಿಡುವುದಿಲ್ಲ. ಇಷ್ಟನ್ನು ವರದಿ ಮಾಡಿದ ಮೇಲೆ ಅವನದೇ ಒಂದು ಷರಾ ಬರುತ್ತದೆ. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಿರಲೆಂದು ಊರವರು ಹೂಡಿದ ಉಪಾಯ ಇದು ಎಂದು ಅವನಿಗೆ ತೋರುತ್ತದೆ.

ಈ ಸಾಲಿಗೆ ಎರಡು ಬಣಗಳು. ಪರಿಸರ ಇತಿಹಾಸದ ಬಣಕ್ಕೆ ಇದು ದೇವರಕಾಡಿನ ಅತಿ ಹಳೆಯ ಲಿಖಿತ ಸಾಕ್ಷಿ. ಕೊನೆಯ ಷರಾ ಮಾತ್ರ ಕಂಪನಿಯ ನೌಕರನ ಅಸಡ್ಡೆ. ಮಾಧವ ಗಾಡ್ಗೀಳ್ ಮತ್ತು ಸುಭಾಷ್ ಚಂದ್ರನ್ ಅವರು ಉತ್ತರ ಕನ್ನಡದ ಕಾನುಗಳ ಮೇಲೆ ಮಾಡಿದ ಕೆಲಸದ ನೆರಳಿನಲ್ಲಿ ಈ ಓದು ಬೆಳೆಯಿತು. (ಅವರಿಬ್ಬರ ಕ್ಷೇತ್ರಕಾರ್ಯದ ಬಗ್ಗೆ ನನಗಿರುವ ಗೌರವ ಇದರಿಂದ ಕೂದಲೆಳೆಯಷ್ಟೂ ಕಡಿಮೆಯಾಗದು. ಕಾಡು ಸುತ್ತದೆ ಅವರ ಹೆಸರು ಹೇಳಿಕೊಂಡೇ ಬದುಕುವವರ ಮೇಲೆ ಮಾತ್ರ ನನ್ನ ಸಿಡುಕು.) ಇನ್ನೊಂದು ಬಣಕ್ಕೆ ಷರಾ ಒಂದೇ ಸಾಕು: ದೇವರು ಬರೀ ನೆಪ, ಜಗಳ ಸೊತ್ತಿನದು. ಒಂದು ಬಣ ಷರಾವನ್ನು ಬಿಟ್ಟು ವರದಿಯನ್ನು ಓದುತ್ತದೆ, ಇನ್ನೊಂದು ವರದಿಯನ್ನು ಬಿಟ್ಟು ಷರಾವನ್ನು ಓದುತ್ತದೆ. ವರದಿಯ ನಡುವಿನಲ್ಲಿರುವ ಕ್ರಿಯಾಪದ ‘ಕಡಿಯುವುದು’. ಅದನ್ನು ಎರಡೂ ಬಣದವರು ದಾಟಿಕೊಂಡು ಹೋಗುತ್ತಾರೆ.

ನನ್ನ ತಕರಾರು ಅಲ್ಲಿಂದಲೇ. ದೇವರಕಾಡಿನ ಕಟ್ಟಳೆ ಕಡಿಯಬಾರದು ಎನ್ನುವುದು. ಬುಕಾನನ್ ವರದಿ ಮಾಡುತ್ತಿರುವುದು ಕೇಳಿ ಕಡಿಯಬೇಕು ಎನ್ನುವ ಕಟ್ಟಳೆಯನ್ನು. ಅಪ್ಪಣೆಯ ನಿಯಮ ಇದೆ ಎಂದಮೇಲೆ ಕಡಿಯುವವರು ಇದ್ದಾರೆ, ಕಡಿಯುವ ಕೆಲಸ ವರ್ಷವರ್ಷವೂ ನಡೆಯುತ್ತದೆ. ಅವನು ಹೇಳುವುದು ಕಾಡುಗಳ ಮಾತನ್ನು, ಅದೂ ಊರಿನ ಇಡೀ ಕಾಡಿನ ಮಾತನ್ನು; ಗುಡಿಯ ಸುತ್ತಲಿನ ಒಂದು ತುಂಡು ಬನದ್ದಲ್ಲ. ಗುಡಿಯ ಜೀರ್ಣೋದ್ಧಾರಕ್ಕೋ ತೇರಿನ ಅಚ್ಚಿಗೋ ದೇವರ ಪ್ರಸಾದ ಕೇಳಿ ಬನದಿಂದಲೂ ಮರ ತಂದದ್ದುಂಟು, ಒಪ್ಪುತ್ತೇನೆ. ಅದು ಅಪವಾದ. ಬುಕಾನನ್‌ಗೆ ಯಾರೋ ಹೇಳಿದ್ದು ಅಪವಾದವನ್ನಲ್ಲ, ದಿನನಿತ್ಯದ ವಹಿವಾಟನ್ನು.

ಹಾಗಾದರೆ ಊರವರು ಯಾವ ಮರ ಕಡಿಯುತ್ತಿದ್ದರು, ಯಾತಕ್ಕೆ? ಅವನು ಹೇಳಿಲ್ಲ. ಉತ್ತರವನ್ನು ಕಾಡಿನಲ್ಲೂ ಮನೆಗಳಲ್ಲೂ ಹುಡುಕಬೇಕು. ಸೌದೆಗೆ ಬಿದ್ದ ಮರ, ಒಣಗಿದ ಟೊಂಗೆ ಸಾಕು, ಅದಕ್ಕೆ ಗೌಡನ ಮನೆ ಬಾಗಿಲಿಗೆ ಯಾರೂ ಹೋಗುವುದಿಲ್ಲ. ತೋಟಕ್ಕೆ ಬೇಕಾದ ಸೊಪ್ಪು ಬೆಟ್ಟದಿಂದ ಬರುತ್ತದೆ, ಅದಕ್ಕೆ ಕಡಿಯುವುದಿಲ್ಲ, ಸವರುತ್ತಾರೆ. ನಿಂತ ಮರವನ್ನು ಬುಡಕ್ಕೆ ಕೊಡಲಿ ಹಾಕಿ ಉರುಳಿಸಬೇಕಾಗುವುದು ನಾಟಾಕ್ಕೆ: ಕಂಬ, ತೊಲೆ, ಜಂತೆ, ಪಕಾಸು, ಬಾಗಿಲವಾಡ, ನೇಗಿಲು, ಗಾಡಿ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಮೂಡಣ ಭಾಗ ಎಲೆ ಉದುರುವ ಕಾಡು. ಸಾಗವಾನಿ, ಮತ್ತಿ, ಹೊನ್ನೆ, ನಂದಿ, ಬೀಟೆ, ಕಿಂದಳ, ದಿಂಡಗ ಬೆಳೆಯುವುದು ಇಲ್ಲಿ. ಗೆದ್ದಲಿಗೂ ಮಳೆಗೂ ಜಗ್ಗದ ಚೇಗು ಇರುವ, ಮನೆಗೆ ಆಗುವ ಮರಗಳಲ್ಲಿ ಹೆಚ್ಚಿನವು ಇವೇ. ಶಿರಸಿ, ಸಿದ್ದಾಪುರ, ಸೊರಬದ ಕಾನುಗಳು ನಿತ್ಯಹಸಿರಿನವು. ಅಲ್ಲಿ ಜನ ಹುಡುಕಿಕೊಂಡು ಹೋದದ್ದು ಮೆಣಸಿನ ಬಳ್ಳಿಯನ್ನು. ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬದ ಕಾನುಗಳ ಮೇಲೆ ಜಂಟಿ ವರದಿ ಬರೆದರು. ಕಾನೇ ಬೇರೆ, ನಾಟಾದ ಕಾಡೇ ಬೇರೆ ಎಂಬುದನ್ನು ಮರೆತು ಅದನ್ನೂ ಬುಕಾನನ್‌ನನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಹಲಸು ಕಾನಿನಲ್ಲೂ ಉಂಟಲ್ಲ, ಹಡಗಿನ ಪಟದ ಕಂಬಕ್ಕೆ ಬೇಕಾದ ಸುರಹೊನ್ನೆ ಜಾತಿಯ ನೆಟ್ಟನೆಯ ಮರ ಘಟ್ಟದ ಹಸಿರುಕಾಡಿನದೇ ಅಲ್ಲವೇ ಎಂದು ಎದುರಾಳಿ ಕೇಳಬಹುದು. ಕೇಳಲಿ. ಹಡಗಿನ ಕಂಬ ಕೇಳಿಕೊಂಡು ಬಂದವನು ಊರ ರೈತನಲ್ಲ, ಹೊರಗಿನ ವ್ಯಾಪಾರಿ. ಗೌಡನ ಅಪ್ಪಣೆಯ ಪ್ರಶ್ನೆ ಅವನಿಗೆ ಹೇಗೆ ಅನ್ವಯಿಸುತ್ತಿತ್ತು ಎಂಬುದು ಬೇರೆಯೇ ಲೇಖನದ ವಿಷಯ.

ಇನ್ನು ಅತ್ಯಂತ ಉಪೇಕ್ಷೆಗೆ ಒಳಗಾದ ಅಂಶ: ದೇವರಿಗೆ ಏನೂ ಸಲ್ಲುವುದಿಲ್ಲ. ಗೌಡಿಕೆಯವನೇ ಪೂಜಾರಿಯಾಗಿರುವಾಗ ಒಂದು ತೆಂಗಿನಕಾಯಿ, ಒಂದು ಕೋಳಿ, ನಾಲ್ಕು ಕಾಸು ಕಟ್ಟಿಸಿಕೊಳ್ಳುವುದು ಸಹಜವಾಗಿತ್ತು. ಬುಕಾನನ್ ತೆರಿಗೆ, ಸುಂಕ, ಕಾಣಿಕೆಗಳ ಲೆಕ್ಕವನ್ನು ಕಾಸಿಗೆ ಕಾಸು ಬರೆಯುವವನು, ಇದ್ದಿದ್ದರೆ ಬಿಡುತ್ತಿರಲಿಲ್ಲ. ಇಲ್ಲ ಎಂದು ಬರೆದಿದ್ದಾನೆಂದರೆ ಕೇಳಿಯೇ ಬರೆದಿದ್ದಾನೆ. ಸೊತ್ತಿನ ಹಕ್ಕು ಸಾಧಿಸುವವನು ಮೊದಲು ಕೇಳುವುದು ಬಾಡಿಗೆಯನ್ನು. ಒಡೆತನಕ್ಕೆ ಕಾಗದಪತ್ರವಿಲ್ಲದ ಕಡೆ ವಸೂಲಿಯೇ ಪುರಾವೆ. ಇಲ್ಲಿ ದೇವರು ಒಡೆಯ, ಆದರೆ ಬಾಡಿಗೆ ಇಲ್ಲ. ಆದ್ದರಿಂದ ಇದನ್ನು ಸೊತ್ತಿನ ಉಪಾಯ ಎನ್ನುವ ಓದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಬೆಲೆ ಇಲ್ಲದ ಅಪ್ಪಣೆಯಿಂದ ಆಗುವ ಕೆಲಸ ಒಂದೇ. ಯಾರ ಮನೆಗೆ, ಯಾವ ಮರ, ಎಷ್ಟು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಎರಡು ತೊಲೆ ಕೇಳಿ ನಾಲ್ಕು ಉರುಳಿಸಿದವನನ್ನು ದೇವರು ನೋಡುವ ಮೊದಲು ನೆರೆಮನೆಯವನು ನೋಡಿರುತ್ತಾನೆ. ಮುಂದಿನ ಜ್ವರಕ್ಕೋ ದನದ ಸಾವಿಗೋ ಕಾರಣ ಹೇಳುವವನೂ ಅವನೇ.

ಷರಾದ ವಿಷಯಕ್ಕೆ ಬರೋಣ. ಬುಕಾನನ್ ‘ತೋರುತ್ತದೆ’ ಎನ್ನುತ್ತಾನೆ. ಅನುಮಾನದ ಈ ಪದವನ್ನು ನಮ್ಮವರು ಒಬ್ಬೊಬ್ಬರಾಗಿ ಕೈಬಿಟ್ಟು, ಕೊನೆಗೆ ಅದು ತೀರ್ಪಾಗಿ ನಿಂತಿತು. ಅವನಿಗೆ ಅನುಮಾನ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೆನರಾ ಕಂಪನಿಯ ಕೈಗೆ ಬಂದದ್ದು 1799ರಲ್ಲಿ, ಟಿಪ್ಪುವಿನ ಪತನದ ನಂತರ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಕಂದಾಯ ನಿಗದಿ ಮಾಡಿ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಕಂಪನಿಯ ಕಡೆಯವನೊಬ್ಬ ದುಭಾಷಿಯನ್ನು ಮುಂದಿಟ್ಟುಕೊಂಡು ‘ಈ ಕಾಡು ಯಾರದು?’ ಎಂದು ಕೇಳಿದರೆ ಗೌಡ ‘ನಮ್ಮದು’ ಎಂದಾನೆಯೇ? ‘ದೇವರದು’ ಎಂದ. ಉತ್ತರದಲ್ಲಿ ಜಾಣತನ ಇತ್ತು ಎಂಬಷ್ಟರ ಮಟ್ಟಿಗೆ ಬುಕಾನನ್‌ನ ಅನುಮಾನ ಸರಿ. ಆದರೆ ಉತ್ತರ ಜಾಣತನದ್ದಾದ ಮಾತ್ರಕ್ಕೆ ಕಟ್ಟಳೆಯೂ ಆ ದಿನ ಹುಟ್ಟಿದ್ದಾಗುವುದಿಲ್ಲ. ಇದು ನಮ್ಮ ಎರಡನೆಯ ಬಣದವರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು.

ಅನುಮಾನದ ಹಿಂದೆ ಸಾಗವಾನಿ ಇತ್ತು. ಮುಂಬಯಿಯ ಹಡಗುಕಟ್ಟೆಗೆ ಪಶ್ಚಿಮ ಕರಾವಳಿಯ ಸಾಗವಾನಿ ಬೇಕಿತ್ತು. 1817ರಲ್ಲಿ ಅಲ್ಲಿ ನೀರಿಗಿಳಿದ ಸಾಗವಾನಿಯ ಯುದ್ಧನೌಕೆ ಟ್ರಿಂಕೋಮಲಿ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದೆ, ಮರ ಇನ್ನೂ ಮರವೇ. ಬುಕಾನನ್‌ನ ಪುಸ್ತಕ ಹೊರಬಂದ 1807ರಲ್ಲೇ, ಹಿಂದಿನ ವರ್ಷ ಮೊದಲ ಅರಣ್ಯ ಸಂರಕ್ಷಕನಾಗಿ ನೇಮಕವಾಗಿದ್ದ ಕ್ಯಾಪ್ಟನ್ ವಾಟ್ಸನ್ ಮಲಬಾರಿನಲ್ಲಿ ಸಾಗವಾನಿ ಸರ್ಕಾರದ್ದೆಂದು ಸಾರಿದ. (ಎರಡಕ್ಕೂ ಕಾರ್ಯಕಾರಣ ಸಂಬಂಧ ಕಟ್ಟುವ ಆಸೆ ನನಗೂ ಆದದ್ದುಂಟು, ಕಟ್ಟಲು ಆಧಾರವಿಲ್ಲ.) ಅಪ್ಪಣೆಯ ಸ್ಥಾನಕ್ಕೆ ಪರವಾನಿಗೆ, ಸುಂಕ, ಠೇಕೇದಾರ ಬಂದರು. ಹದಿನಾರು ವರ್ಷದ ದೂರುಗಳ ನಂತರ 1823ರಲ್ಲಿ ಆ ಏಕಸ್ವಾಮ್ಯವನ್ನೂ ಹುದ್ದೆಯನ್ನೂ ರದ್ದು ಮಾಡಿದವನು ಮದರಾಸಿನ ಗವರ್ನರಾಗಿದ್ದ ಅದೇ ಮನ್ರೋ. ಕೆನರಾದ ಗೌಡರ ಜೊತೆ ಕೂತು ಲೆಕ್ಕ ನೋಡಿದ್ದವನು ಎಂಬ ಕಾರಣಕ್ಕೆ ಈ ವಿವರ ನನಗೆ ಮುಖ್ಯ. ಮುಂದೆ ಅರಣ್ಯ ಇಲಾಖೆ ಮತ್ತೆ ಬಂದದ್ದು, ಕುಮರಿ ನಿಂತದ್ದು, 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಸೇರಿದ್ದು, 1930ರ ಜಂಗಲ್ ಸತ್ಯಾಗ್ರಹ ಎಲ್ಲ ಓದುಗರಿಗೆ ಗೊತ್ತಿರುವುದೇ. ಮಾರ್ಲೀನ್ ಬುಶಿ ಅವರ 1996ರ ಪುಸ್ತಕ ಸಾಗವಾನಿ ಮತ್ತು ಅಡಿಕೆಯ ನಡುವಿನ ಈ ಹಗ್ಗಜಗ್ಗಾಟವನ್ನು ಚೆನ್ನಾಗಿಯೇ ಹೇಳಿದೆ. ಅಲ್ಲಿಯೂ ಮನೆ ಕಟ್ಟುವವನ ಮತ್ತಿ, ನಂದಿಗಳಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂಬುದು ನನ್ನ ಒಂದೇ ಕೊರಗು.

ಇಷ್ಟೆಲ್ಲ ಜಗ್ಗಾಡುವುದು ಒಂದು ಸಾಲಿಗಾಗಿಯೇ ಎಂದು ಕೇಳಬಹುದು. ಈಗ ಕಟ್ಟಡದ ಸಾಮಗ್ರಿಯಾಗಿ ಮರ ಸುಸ್ಥಿರವೇ ಎಂಬ ಚರ್ಚೆ ಮತ್ತೆ ಎದ್ದಿದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ತೊಲೆಯಾಗಿ ಮನೆಯ ಮೇಲಿರುವಷ್ಟು ಕಾಲ ಅದು ಗಾಳಿಗೆ ಮರಳುವುದಿಲ್ಲ. ಸಿಮೆಂಟಿಗಾದರೆ ಸುಣ್ಣಕಲ್ಲು ಸುಡುವಾಗಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ಕಾಡು ಉಳಿಸಲೆಂದು ತನ್ನ ಕಟ್ಟಡಗಳಲ್ಲಿ ಮರ ನಿಷೇಧಿಸಿತು, 2020ರಲ್ಲಿ ಪರಿಸರದ ಹೆಸರಿನಲ್ಲೇ ನಿಷೇಧ ತೆಗೆಯಿತು. ಎರಡು ಆದೇಶಗಳ ನಡುವೆ ಮರದ ಗುಣ ಬದಲಾಗಿಲ್ಲ. ತೊಲೆಗೆ ಆಗುವ ಸಾಗವಾನಿ ಬಲಿಯಲು ಐವತ್ತು ಅರವತ್ತು ವರ್ಷ ಬೇಕು. ಆ ಐವತ್ತು ವರ್ಷ ಎಣಿಸಿಕೊಂಡು ಕೂರುವವರು ಯಾರು ಎಂಬುದಕ್ಕೆ ಎರಡೂ ಆದೇಶಗಳಲ್ಲಿ ಉತ್ತರವಿಲ್ಲ. ಬುಕಾನನ್‌ನ ಸಾಲಿನಲ್ಲಿ ಉತ್ತರವಿತ್ತು, ನಾವು ಅದಕ್ಕೆ ದೇವರಕಾಡೆಂಬ ಚೀಟಿ ಅಂಟಿಸಿ ಮುಚ್ಚಿಟ್ಟೆವು. ಅದನ್ನು ಮುಟ್ಟಬಾರದ ಕಾಡೆಂದು ಓದಿದರೆ ಮನೆ ಕಟ್ಟುವವನು ಕಳ್ಳನಾಗುತ್ತಾನೆ.

ಇಷ್ಟು ಹೇಳಿ ಮುಂಡಗೋಡಕ್ಕೆ ಹಿಂದಿರುಗುತ್ತೇನೆ. ಟಿಬೆಟನ್ನರಿಗೆ ಇಲ್ಲಿ ನೆಲೆ ಸಿಕ್ಕಿದ್ದು 1966ರಲ್ಲಿ, ಮೈಸೂರು ಸರ್ಕಾರ ಕೊಟ್ಟ ಸುಮಾರು ನಾಲ್ಕು ಸಾವಿರ ಎಕರೆ ಅರಣ್ಯಭೂಮಿಯಲ್ಲಿ. ಗಾಂದೆನ್, ಡ್ರೆಪುಂಗ್ ಮಠಗಳ ಭಿಕ್ಷುಗಳು 1969ರಲ್ಲಿ ಬಂದರು. ಕಾಲೊನಿಯ ಸಮಾಜವನ್ನು ಅಧ್ಯಯನ ಮಾಡಿ 1978ರಲ್ಲಿ ಪುಸ್ತಕ ತಂದವರು ಧಾರವಾಡದ ಪಾಲಾಕ್ಷಪ್ಪನವರು; ಆಮೇಲೆ ಬಂದವರು ಧರ್ಮದ ಮೇಲೆ, ರಾಜಕಾರಣದ ಮೇಲೆ ರಾಶಿ ಬರೆದರು, ಕಟ್ಟಡದ ಕಂಬವನ್ನು ಕಣ್ಣೆತ್ತಿ ನೋಡಿದವರು ಕಡಿಮೆ. ಲಾಸಾದ ಸುತ್ತಲಿನ ಪ್ರಸ್ಥಭೂಮಿಯಲ್ಲಿ ನಾಟಾ ಅಪರೂಪ, ಕಾಡಿರುವ ಕೊಂಗ್ಪೋ ಕಡೆಯಿಂದ ತರಬೇಕು. ಹಾಗಾಗಿ ಅಲ್ಲಿ ಕೋಣೆಯ ಅಳತೆಯನ್ನೇ ಕಂಬಗಳ ಲೆಕ್ಕದಲ್ಲಿ ಹೇಳುವ ರೂಢಿ: ಒಂದು ಕಂಬದ ಕೋಣೆ, ನಾಲ್ಕು ಕಂಬದ ಕೋಣೆ. ಗಿಡ್ಡ ತೊಲೆ, ಅದನ್ನು ಹೊರಲು ಕಂಬದ ತಲೆಯ ಮೇಲೆ ಅಗಲವಾದ ಬೋದಿಗೆ. ತೊಲೆಯ ಉದ್ದ ಸಾಲದ್ದನ್ನು ಬೋದಿಗೆ ತುಂಬಿಕೊಡುತ್ತದೆ. ನಮ್ಮ ಆಚಾರಿಗಳಿಗೂ ಗೊತ್ತಿದ್ದ ಲೆಕ್ಕವೇ ಇದು. 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗಿನಂಥ ದೊಡ್ಡ ಮಠದ ಸಭಾಮಂಟಪವೂ ಕಂಬಗಳ ಕಾಡಾಗುವುದು ಇದೇ ಕಾರಣಕ್ಕೆ.

ಮರದ ಬಡತನದಿಂದ ಹುಟ್ಟಿದ ಆ ವಾಸ್ತು ಸಾಗವಾನಿಯ ಸೀಮೆಗೆ ಬಂದು ಕಾಂಕ್ರೀಟಾಯಿತು. ಉದ್ದನೆಯ ತೊಲೆ ಕೊಡಬಲ್ಲ ಮರ ಸುತ್ತಲೂ ನಿಂತಿದ್ದರೂ ಅದು ಇಲಾಖೆಯದು. ಅಪ್ಪಣೆ ಕೇಳಲು ಗೌಡನಿಲ್ಲ, ಡಿಪೋದ ಹರಾಜಿದೆ. ಕಬ್ಬಿಣದ ಸರಳು ಹಾಕಿದ ತೊಲೆ ಸಾಕಷ್ಟು ದೂರ ಹಾಯುತ್ತದೆ, ಅದಕ್ಕೆ ಬೋದಿಗೆಯ ಆಸರೆ ಬೇಡ. ಆದರೂ ಮಂದಿರದ ಪ್ರತಿ ಕಂಬದ ಮೇಲೂ ಸಿಮೆಂಟಿನ ಬೋದಿಗೆ ಕೂತಿದೆ, ಕೆಂಪು ನೀಲಿ ಹಳದಿಯ ಬಣ್ಣ ಹೊತ್ತು. ಮಿತ್ರರು ಅದನ್ನೇ ಬೆರಳು ಮಾಡಿ ತೋರಿಸಿ ದೇವರಕಾಡಿನ ಮಾತು ಎತ್ತಿದ್ದು. ಅಲ್ಲಿಂದ ಹೊರಗೆ ಬಂದು ಚಹಾದ ಅಂಗಡಿಯಲ್ಲಿ ಕೂತ ಮೇಲೆ, ಮೂರನೆಯ ಸಂಪುಟವನ್ನು ನೀವೇ ಓದಿದ್ದೀರಾ ಎಂದು ಅವರನ್ನು ಕೇಳಿದೆ. ಅವರು ಎರಡನೆಯ ಚಹಾ ಹೇಳಿದರು.