ಗಾಳಿ ನಿಂತ ಮೇಲೆ ಉಳಿಯುವ ಪ್ರಶ್ನೆ

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲ ಸಾಲಿಗೇ ‘ಉಭಯ ಕುಶಲೋಪರಿ’ ಎಂದು ಬರೆಯುತ್ತಿದ್ದರು. ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು ಎಂಬುದು ಅದರ ಹಿಂದಿನ ಮಾತು. ಮದುವೆ, ಜಮೀನು, ಸಾಲ ಎಲ್ಲವೂ ಅದಾದ ಮೇಲೆ. ಮಾಮೂಲಿ ದಿನಗಳಲ್ಲಿ ಬರೀ ಶಿಷ್ಟಾಚಾರದಂತೆ ಕಾಣುವ ಈ ಮಾತು ಚಂಡಮಾರುತ ಬಂದು ಹೋದ ಮರುದಿನ ಮಾತ್ರ ಬೇರೆಯೇ ತೂಕ ಪಡೆಯುತ್ತದೆ. ಅಂದು ಎಲ್ಲರಿಗೂ ಇರುವುದು ಒಂದೇ ಪ್ರಶ್ನೆ: ಅವರು ಬದುಕಿದ್ದಾರೆಯೇ? ವಿಚಿತ್ರವೆಂದರೆ, ಈ ಪ್ರಶ್ನೆಯನ್ನು ಹುಟ್ಟಿಸುವ ಗಾಳಿಯೇ ಅದಕ್ಕೆ ಉತ್ತರ ತರಬೇಕಾದ ತಂತಿ, ರಸ್ತೆ, ಸೇತುವೆಗಳನ್ನೂ ಕಿತ್ತುಹಾಕಿರುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್, ಜಪಾನಿನ ಸಮುದ್ರದಲ್ಲಿ ಟೈಫೂನ್, ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಎಂದು ಕರೆಸಿಕೊಳ್ಳುವುದು ಒಂದೇ ಜಾತಿಯ ಬಿರುಗಾಳಿ. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಅಮೆರಿಕದವರು ಅದನ್ನು ಹರಿಕೇನ್ ಎನ್ನುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಅದರ ಕಾಲ. ಹೂಸ್ಟನ್, ಟ್ಯಾಂಪಾ, ಮಯಾಮಿ ಎಂಬ ಊರುಗಳ ಹೆಸರು ಸುದ್ದಿಯಲ್ಲಿ ಬಂದೊಡನೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈಗ ಫೋನಿನ ಮೇಲೆ ಕೈ ಹೋಗುತ್ತದೆ. ಆ ದೇಶದ ಚಂಡಮಾರುತಗಳ ಚರಿತ್ರೆಯನ್ನು ಗಾಳಿಯ ವೇಗದಿಂದಲ್ಲದೆ, ‘ಕ್ಷೇಮವೇ?’ ಎಂಬ ಈ ಪ್ರಶ್ನೆಯಿಂದಲೂ ಓದಬಹುದು. ಹಾಗೆ ಓದಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರು ಯಾರೂ ಇಲ್ಲದವನು ಸತ್ತರೆ, ಸತ್ತವರ ಲೆಕ್ಕಕ್ಕೂ ಸೇರದೆ ಹೋಗುತ್ತಾನೆ.

ಉತ್ತರವಿಲ್ಲದ ಊರು

1900ರ ಸೆಪ್ಟೆಂಬರ್ 8, ಶನಿವಾರ. ಟೆಕ್ಸಾಸ್ ರಾಜ್ಯದ ಗಾಲ್ವೆಸ್ಟನ್ ಒಂದು ಮರಳು ದ್ವೀಪದ ಮೇಲೆ ಕಟ್ಟಿದ ಸಿರಿವಂತ ಬಂದರು. ಜನಸಂಖ್ಯೆ ಸುಮಾರು 38 ಸಾವಿರ. ಊರಿನ ಅತಿ ಎತ್ತರದ ನೆಲ ಸಮುದ್ರಮಟ್ಟದಿಂದ ಒಂಬತ್ತು ಅಡಿಯೂ ಇರಲಿಲ್ಲ. ಅಂದು ಉಕ್ಕಿ ಬಂದ ಕಡಲು ಹದಿನೈದು ಅಡಿ ಎತ್ತರಕ್ಕೇರಿತು. ಮನೆ ತೇಲಿಹೋಗದಿರಲೆಂದು ಕೆಲವರು ತಮ್ಮ ಮನೆಯ ಮರದ ನೆಲವನ್ನು ತಾವೇ ಕೊಡಲಿಯಿಂದ ಒಡೆದು ನೀರನ್ನು ಒಳಗೆ ಬಿಟ್ಟುಕೊಂಡರು. ಸೇಂಟ್ ಮೇರಿ ಅನಾಥಾಲಯದ ಸನ್ಯಾಸಿನಿಯರು ಬಟ್ಟೆ ಒಣಗಿಸುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತು ಮಂದಿ ಸನ್ಯಾಸಿನಿಯರೂ 90 ಮಕ್ಕಳೂ ತೀರಿಕೊಂಡರು. ಮೂವರು ಹುಡುಗರು ಮಾತ್ರ ಉಳಿದರು.

ದ್ವೀಪವನ್ನು ನೆಲಕ್ಕೆ ಜೋಡಿಸಿದ್ದ ಸೇತುವೆಗಳೆಲ್ಲ ಕೊಚ್ಚಿಹೋಗಿ ತಂತಿ ಸಂಪರ್ಕ ಕಡಿದುಬಿದ್ದಿತ್ತು. ಒಂದು ಇಡೀ ನಗರ ಹೊರಜಗತ್ತಿಗೆ ಸುಮ್ಮನಾಯಿತು. ಭಾನುವಾರ ಕೆಲವರು ಉಳಿದಿದ್ದ ಒಂದು ಸಣ್ಣ ಹಡಗಿನಲ್ಲಿ ಕೊಲ್ಲಿ ದಾಟಿ, ಸೋಮವಾರ ಬೆಳಗಿನ ಜಾವ ಹೂಸ್ಟನ್‌ನ ತಂತಿ ಕಚೇರಿ ತಲುಪಿದರು. ರಾಜ್ಯಪಾಲರಿಗೂ ಅಧ್ಯಕ್ಷ ಮೆಕಿನ್ಲಿ ಅವರಿಗೂ ಸುದ್ದಿ ಹೋಯಿತು. ಐನೂರು ಮಂದಿ ಸತ್ತಿರಬಹುದೆಂದು ಅವರು ಹೇಳಿದಾಗ, ಅದನ್ನೇ ಹೆಚ್ಚಾಯಿತೆಂದು ಭಾವಿಸಿದವರಿದ್ದರು. ನಿಜವಾಗಿ ಸತ್ತವರ ಸಂಖ್ಯೆ ಎಂಟು ಸಾವಿರದ ಆಸುಪಾಸು ಎಂದು ಈಗ ಅಂದಾಜು. ಅಮೆರಿಕದ ಇತಿಹಾಸದಲ್ಲಿ ಅಷ್ಟು ಪ್ರಾಣ ತೆಗೆದ ಪ್ರಕೃತಿ ವಿಕೋಪ ಇನ್ನೊಂದಿಲ್ಲ.

ಪತ್ರಿಕೆ ಸತ್ತವರ ಹೆಸರುಗಳನ್ನು ಅಚ್ಚು ಹಾಕತೊಡಗಿತು. ಆದರೆ ಹೆಣಗಳಿಗೆ ಹೆಸರು ಹೇಳುವವರೇ ಇರಲಿಲ್ಲ. ಇಡೀ ಮನೆಯೇ ಹೋದ ಮೇಲೆ ಆ ಮನೆಯವರನ್ನು ಯಾರು ಹುಡುಕಬೇಕು? ಹೂಳಲು ನೆಲ ಸಾಲದೆ ಹೆಣಗಳನ್ನು ದೋಣಿಯಲ್ಲಿ ಒಯ್ದು ಕಡಲಿಗೆ ಹಾಕಿದರು. ಅಲೆಗಳು ಅವನ್ನು ಮತ್ತೆ ದಡಕ್ಕೆ ತಂದವು. ಕೊನೆಗೆ ಬಿದ್ದ ಮನೆಗಳ ಮರಮುಟ್ಟಿನಲ್ಲಿಯೇ ಸುಡಬೇಕಾಯಿತು. ಊರಿನ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ ಅವರ ಪತ್ನಿಯ ದೇಹ ಸಿಕ್ಕಿದ್ದು ಸೆಪ್ಟೆಂಬರ್ 30ರಂದು, ಮೂರು ವಾರಗಳ ಮೇಲೆ. ಅಷ್ಟಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಪಡಬೇಕಾದ ಕಾಲ ಅದು. ಸಾವಿರಾರು ಮನೆಗಳಿಗೆ ಆ ಉತ್ತರವೂ ಬರಲಿಲ್ಲ.

ನಡುವಿನ ಮೋಸ

ವಿಚಾರಿಸಲು ಹೊರಡುವುದಕ್ಕೂ ಒಂದು ಹೊತ್ತಿದೆ ಎಂಬ ಪಾಠವನ್ನು ಮಯಾಮಿ 1926ರಲ್ಲಿ ಕಲಿಯಿತು. ಆ ವರ್ಷಗಳಲ್ಲಿ ಮನೆ ನಿವೇಶನಗಳ ಭರಾಟೆಯಿಂದ ಊರು ಹೊಸಬರಿಂದ ತುಂಬಿತ್ತು. ಚಂಡಮಾರುತದ ನಟ್ಟನಡುವೆ ಗಾಳಿಯಿಲ್ಲದ ಒಂದು ‘ಕಣ್ಣು’ ಇರುತ್ತದೆಂದು ಅವರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಸೆಪ್ಟೆಂಬರ್ 18ರ ಬೆಳಿಗ್ಗೆ ಗಾಳಿ ಥಟ್ಟನೆ ನಿಂತಾಗ ಎಲ್ಲ ಮುಗಿಯಿತೆಂದು ಜನ ಬೀದಿಗಿಳಿದರು; ಹಾನಿ ನೋಡಲು, ಪಕ್ಕದವರನ್ನು ಕೇಳಲು, ಊರು ಬಿಡಲು. ಅರ್ಧ ಗಂಟೆಯ ಆಸುಪಾಸಿನಲ್ಲಿ ಗಾಳಿ ಎದುರು ದಿಕ್ಕಿನಿಂದ ತಿರುಗಿ ಬಂತು. ಬಯಲಿನಲ್ಲಿ ಸಿಕ್ಕಿಬಿದ್ದ ಎಷ್ಟೋ ಮಂದಿ ಉಳಿಯಲಿಲ್ಲ.

ಎರಡು ವರ್ಷಗಳ ನಂತರ, 1928ರ ಸೆಪ್ಟೆಂಬರ್ 16ರ ರಾತ್ರಿ, ಅದೇ ಫ್ಲಾರಿಡಾದ ಓಕಿಚೋಬಿ ಸರೋವರದ ಮಣ್ಣಿನ ಏರಿ ಒಡೆಯಿತು. ಕೆಳಗಿನ ಗದ್ದೆಬಯಲಿನಲ್ಲಿ ತರಕಾರಿ ಬೆಳೆಯ ಕೂಲಿಗೆ ಬಂದಿದ್ದವರು ಹೆಚ್ಚಿನವರು ಕರಿಯರು. ಸತ್ತವರಲ್ಲಿ ಮುಕ್ಕಾಲು ಪಾಲು ಇವರೇ. ಬೇರೆ ಊರುಗಳಿಂದ ಬಂದ ಇವರಲ್ಲಿ ಅನೇಕರನ್ನು ಜೊತೆಗಿದ್ದವರು ಅಡ್ಡ ಹೆಸರಿನಿಂದಷ್ಟೇ ಬಲ್ಲರು. ಶವಪೆಟ್ಟಿಗೆಗಳನ್ನು ಬಿಳಿಯರಿಗೆ ಮೀಸಲಿಡಲಾಯಿತು. ವೆಸ್ಟ್ ಪಾಮ್ ಬೀಚ್ ಪಟ್ಟಣದಲ್ಲಿ 674 ಮಂದಿ ಕರಿಯರನ್ನು ಒಂದೇ ಗುಂಡಿಯಲ್ಲಿ ಹೂಳಿದರು. ದಶಕಗಳ ಕಾಲ ಆ ಜಾಗದಲ್ಲಿ ಒಂದು ಗುರುತಿನ ಕಲ್ಲೂ ಇರಲಿಲ್ಲ.

ಆಗ ಕೊಟ್ಟ ಅಧಿಕೃತ ಸಂಖ್ಯೆ 1,836. ಅದು ಮುಕ್ಕಾಲು ಶತಮಾನ ಹಾಗೆಯೇ ಉಳಿಯಿತು. 2003ರಲ್ಲಿ ಹವಾಮಾನ ಇಲಾಖೆ ಅದನ್ನು ಕನಿಷ್ಠ 2,500 ಎಂದು ತಿದ್ದಿತು. ಗಾಳಿಯ ವೇಗವನ್ನು ಅಳೆಯುವುದರಲ್ಲಿ ಅಷ್ಟು ಮುಂದಿದ್ದ ದೇಶಕ್ಕೆ ಸತ್ತವರನ್ನು ಎಣಿಸಲು 75 ವರ್ಷ ಏಕೆ ಬೇಕಾಯಿತು? ಅವರ ಕ್ಷೇಮ ಕೇಳಿ ಬಾಗಿಲು ತಟ್ಟುವವರು ಅಲ್ಲಿನ ಕಚೇರಿಗಳಲ್ಲಿ ಇರಲಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ.

ಸಂಖ್ಯೆ ಒಂದು: ಎಲ್ಲರೂ ಕ್ಷೇಮ

ತಂತಿ ಕಡಿದಾಗ ತಂತಿಯಿಲ್ಲದ ದಾರಿ ಬೇಕು. ಆ ದಾರಿಯನ್ನು ತೆರೆದವರು ಹವ್ಯಾಸಿ ರೇಡಿಯೊದವರು, ಅಂದರೆ ‘ಹ್ಯಾಮ್’ಗಳು. ಅಮೆರಿಕದ ಹ್ಯಾಮ್‌ಗಳು 1914ರಲ್ಲಿಯೇ ತಮ್ಮ ಸಂಘ ಕಟ್ಟಿಕೊಂಡಿದ್ದರು. ಮನೆಯ ಮೂಲೆಯಲ್ಲಿ ಒಂದು ಯಂತ್ರ, ಹೊರಗೆ ಮರಕ್ಕೆ ಕಟ್ಟಿದ ಒಂದು ತಂತಿ, ಒಂದು ಕಾರಿನ ಬ್ಯಾಟರಿ ಇದ್ದರೆ ಸಾವಿರ ಮೈಲಿ ಆಚೆಗೆ ಮಾತು ಮುಟ್ಟಿಸಬಹುದು. 1965ರಲ್ಲಿ ಬೆಟ್ಸಿ ಎಂಬ ಹರಿಕೇನ್ ಬಂದಾಗ ಇವರು ಒಂದೇ ತರಂಗಾಂತರದಲ್ಲಿ ಕಾದು ಕುಳಿತು ಸುದ್ದಿ ದಾಟಿಸುವ ಜಾಲವೊಂದನ್ನು ಆರಂಭಿಸಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ.

ಒಬ್ಬೊಬ್ಬರ ಕಥೆಯನ್ನೂ ಉದ್ದಕ್ಕೆ ಹೇಳಿದರೆ ಸರದಿ ಮುಗಿಯದು. ಅದಕ್ಕೆ ಹ್ಯಾಮ್‌ಗಳು ಸಂದೇಶಗಳಿಗೆ ಸಂಖ್ಯೆ ಕೊಟ್ಟರು. ‘ಒಂದು’ ಎಂದರೆ ಇಲ್ಲಿ ಎಲ್ಲರೂ ಕ್ಷೇಮ, ಚಿಂತೆ ಬೇಡ ಎಂದರ್ಥ. ‘ಎರಡು’ ಎಂದರೆ ಆದಷ್ಟು ಬೇಗ ಊರಿಗೆ ಬರುತ್ತಿದ್ದೇನೆ. 2013ರ ಜುಲೈಯಲ್ಲಿ ನಿಂತುಹೋದ ನಮ್ಮ ತಂತಿ ಸೇವೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಮದುವೆಗೆ, ದೀಪಾವಳಿಗೆ ಅಂಚೆ ಕಚೇರಿಯ ಪಟ್ಟಿ ನೋಡಿ ಒಂದು ಸಂಖ್ಯೆ ಬರೆದುಕೊಟ್ಟರೆ, ಆಚೆ ಊರಿನಲ್ಲಿ ಪೂರ್ತಿ ವಾಕ್ಯದ ಶುಭಾಶಯ ತಲುಪುತ್ತಿತ್ತಲ್ಲ, ಹಾಗೆಯೇ. ನಮ್ಮ ‘ಉಭಯ ಕುಶಲೋಪರಿ’ಗೆ ಅವರು ಕೊಟ್ಟ ಅಂಕಿ ಒಂದು.

ಗೋಡೆಯ ಮೇಲಿನ ಗುರುತು

ಬೆಟ್ಸಿಯಲ್ಲಿ ನ್ಯೂ ಆರ್ಲಿಯನ್ಸ್ ನಗರದ ತಗ್ಗಿನ ಕೇರಿಗಳ ಜನ ನೀರಿಗೆ ಹೆದರಿ ಅಟ್ಟ ಹತ್ತಿ, ಮಾಡು ಒಡೆಯಲಾಗದೆ ಅಲ್ಲಿಯೇ ಸತ್ತಿದ್ದರು. ಅಂದಿನಿಂದ ಅಟ್ಟದಲ್ಲೊಂದು ಕೊಡಲಿ ಇಟ್ಟುಕೊಳ್ಳುವುದು ಅಲ್ಲಿನ ಹಿರಿಯರ ರೂಢಿಯಾಯಿತು. 2005ರ ಆಗಸ್ಟ್ 29ರಂದು ಕಟ್ರೀನಾ ಬಂದು ಒಡ್ಡುಗಳು ಒಡೆದಾಗ ಆ ಕೊಡಲಿಗಳು ಎಷ್ಟೋ ಜೀವ ಉಳಿಸಿದವು. ಗಾಲ್ವೆಸ್ಟನ್ನಿನಲ್ಲಿ ನೆಲ ಒಡೆದ ಕೊಡಲಿಯೇ ಇಲ್ಲಿ ಮಾಡು ಒಡೆಯಿತು.

ನೀರು ನಿಂತ ಬೀದಿಗಳಲ್ಲಿ ದೋಣಿಯಲ್ಲಿ ಹೋದ ತಂಡಗಳು ಪ್ರತಿ ಮನೆಯ ಗೋಡೆಗೂ ಬಣ್ಣದಲ್ಲಿ ಒಂದು ದೊಡ್ಡ ಕತ್ತರಿ ಗುರುತು ಬರೆದವು. ಅದರ ನಾಲ್ಕು ಮೂಲೆಗಳಲ್ಲಿ ಯಾವ ದಿನ ನೋಡಿದರು, ಯಾವ ತಂಡ, ಒಳಗೆ ಏನು ಅಪಾಯ ಎಂಬ ವಿವರ. ಕೆಳಗೆ ಸಿಕ್ಕವರ ಸಂಖ್ಯೆ. ಸೊನ್ನೆ ಇದ್ದರೆ ನಿಟ್ಟುಸಿರು. ಕೆಲವರು ಮನೆಯನ್ನು ದುರಸ್ತಿ ಮಾಡಿಸಿದ ಮೇಲೂ ಆ ಗುರುತನ್ನು ಅಳಿಸಲು ಒಪ್ಪಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ನಾನಾ ರಾಜ್ಯಗಳಿಗೆ ಚದುರಿದ್ದರು. ಕಟ್ರೀನಾ ಮತ್ತು ಅದರ ಬೆನ್ನಿಗೇ ಬಂದ ರೀಟಾದಲ್ಲಿ ಮನೆಯವರಿಂದ ಬೇರ್ಪಟ್ಟಿದ್ದಾರೆಂದು ದಾಖಲಾದ ಮಕ್ಕಳು 5,192. ಕೊನೆಯ ಮಗುವಿನ ವಿಷಯ ಇತ್ಯರ್ಥವಾದದ್ದು 2006ರ ಮಾರ್ಚಿನಲ್ಲಿ.

ಮಕ್ಕಳನ್ನು ಕೇಳುವವರಿದ್ದರು. ಮುದುಕರನ್ನು? ಲೂಸಿಯಾನಾ ರಾಜ್ಯದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ವರ್ಷ ತುಂಬಿದವರೆಂದು ಆಮೇಲೆ ನಡೆದ ಅಧ್ಯಯನದಿಂದ ತಿಳಿಯಿತು. ಕಾರಿಲ್ಲದವರು, ಕಾಲು ಬರದವರು, ‘ಬನ್ನಿ ಅಜ್ಜಿ, ಹೊರಡೋಣ’ ಎಂದು ಕೈಹಿಡಿಯುವವರು ಬೇಕಾಗಿದ್ದ ವಯಸ್ಸಿನವರು ಇವರು.

ಲೆಕ್ಕಕ್ಕೆ ಬಾರದ ಚಪ್ಪಲಿಗಳು

2017ರ ಸೆಪ್ಟೆಂಬರ್ 20ರಂದು ಪೋರ್ಟೊ ರಿಕೊ ದ್ವೀಪದ ಮೇಲೆ ಮರಿಯಾ ಬಂತು. ಮೂವತ್ತು ಲಕ್ಷಕ್ಕೂ ಹೆಚ್ಚು ಜನರ ದ್ವೀಪದಲ್ಲಿ ವಿದ್ಯುತ್ ಪೂರ್ತಿ ಹೋಯಿತು. ನೂರಕ್ಕೆ 95 ಮೊಬೈಲ್ ಗೋಪುರಗಳು ಸತ್ತವು. ಎಲ್ಲರ ಜೇಬಿನಲ್ಲೂ ಫೋನ್ ಇದ್ದ ಕಾಲದಲ್ಲಿ ಜನ 1900ರ ಗಾಲ್ವೆಸ್ಟನ್ನಿಗೆ ಮರಳಿದ್ದರು. ಹೆದ್ದಾರಿಯಲ್ಲಿ ಎಲ್ಲಿ ಕೊಂಚ ಸಿಗ್ನಲ್ ಸಿಗುತ್ತದೋ ಅಲ್ಲಿ ಕಾರುಗಳ ಸಾಲು ನಿಲ್ಲುತ್ತಿತ್ತು. ಬಾನುಲಿಯಲ್ಲಿ ಉಸಿರಿದ್ದದ್ದು ವಾಪಾ ಎಂಬ ಹಳೆಯ ಕೇಂದ್ರಕ್ಕೆ. ಜನ ಚೀಟಿ ಹಿಡಿದು ಅಲ್ಲಿಗೇ ಬಂದು ತಮ್ಮವರ ಹೆಸರನ್ನು ಓದಿಸಿದರು. ರೆಡ್ ಕ್ರಾಸ್ ಕರೆಗೆ ಓಗೊಟ್ಟು ಅಮೆರಿಕದಿಂದ ಇಪ್ಪತ್ತಕ್ಕೂ ಹೆಚ್ಚು ಹ್ಯಾಮ್‌ಗಳು ಯಂತ್ರಗಳೊಡನೆ ಬಂದಿಳಿದರು.

ಸರ್ಕಾರದ ಲೆಕ್ಕದಲ್ಲಿ ಸತ್ತವರು 64. ಗಾಳಿ ನಿಂತ ಮೇಲೆ ತಿಂಗಳುಗಟ್ಟಲೆ ಕರೆಂಟಿಲ್ಲದೆ, ಆಮ್ಲಜನಕದ ಯಂತ್ರ ನಡೆಯದೆ, ಡಯಾಲಿಸಿಸ್ ಸಿಗದೆ ಸತ್ತವರು ಆ ಪಟ್ಟಿಯಲ್ಲಿ ಇರಲಿಲ್ಲ. 2018ರ ಜೂನ್‌ನಲ್ಲಿ ಜನ ರಾಜಧಾನಿ ಸ್ಯಾನ್ ಹ್ವಾನ್‌ನ ಶಾಸನಸಭೆಯ ಮುಂದೆ ತಮ್ಮ ಮೃತರ ಚಪ್ಪಲಿ, ಬೂಟುಗಳನ್ನು ಸಾಲಾಗಿ ತಂದಿಟ್ಟರು. ಜೋಡಿ ಜೋಡಿಯಾಗಿ ನೂರಾರು. ಎಣಿಸಿ ಎಂದು ಅವರು ಕೂಗಬೇಕಾಗಿರಲಿಲ್ಲ. ಅದೇ ಆಗಸ್ಟಿನಲ್ಲಿ ವಿಶ್ವವಿದ್ಯಾಲಯವೊಂದರ ಅಧ್ಯಯನ 2,975 ಎಂಬ ಅಂದಾಜು ಕೊಟ್ಟಿತು. ಸರ್ಕಾರ ಅದನ್ನೇ ಒಪ್ಪಿಕೊಂಡಿತು.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಕಡಲಿನಿಂದ ನೂರಾರು ಮೈಲಿ ದೂರದ ಉತ್ತರ ಕ್ಯಾರೊಲಿನಾದ ಬೆಟ್ಟಗಳನ್ನು ಹೊಕ್ಕಿತು. ಅಲ್ಲಿಯೂ ಮೊಬೈಲ್ ಸತ್ತಾಗ ಮೌಂಟ್ ಮಿಚೆಲ್ ಶಿಖರದ ಹ್ಯಾಮ್ ಮರುಪ್ರಸಾರ ಕೇಂದ್ರದ ಮೂಲಕ ಇಂಥ ಬೀದಿಯ ಇಂಥ ಮನೆಯವರನ್ನು ಯಾರಾದರೂ ನೋಡಿ ಬನ್ನಿ ಎಂಬ ಕೋರಿಕೆಗಳು ಹರಿದವು. ಕೋರಿಕೆ ಗಾಳಿಯಲ್ಲಿ ಹೋದರೂ ಕೊನೆಯ ಒಂದು ಮೈಲಿಯನ್ನು ಯಾರೋ ಕೆಸರಿನಲ್ಲಿ ನಡೆದೇ ಹೋಗಬೇಕಾಗಿತ್ತು.

ಮೊದಲೇ ಕೇಳುವುದು

ಈ ಪ್ರಶ್ನೆಗೆ ನಮ್ಮ ದೇಶ ಕಂಡುಕೊಂಡ ಉತ್ತರವೂ ಗಮನಕ್ಕೆ ಅರ್ಹ. ‘ಸೈಕ್ಲೋನ್’ ಎಂಬ ಮಾತನ್ನೇ ಕಲ್ಕತ್ತಾದಲ್ಲಿದ್ದ ಹೆನ್ರಿ ಪಿಡಿಂಗ್ಟನ್ 1840ರ ದಶಕದಲ್ಲಿ ಟಂಕಿಸಿದ್ದು. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಒಡಿಶಾ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡಿತು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸಾವು ಹತ್ತಾರಕ್ಕೆ ಇಳಿಯಿತು. ಉಪಗ್ರಹದ ಚಿತ್ರ, ಆಶ್ರಯ ಕಟ್ಟಡಗಳ ಪಾಲು ಇದರಲ್ಲಿ ದೊಡ್ಡದು. ಅಷ್ಟೇ ದೊಡ್ಡದು ಊರೂರಿನ ಸ್ವಯಂಸೇವಕರದು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯ ಮುದುಕ ಒಬ್ಬನೇ ಇದ್ದಾನೆ ಎಂದು ಬಲ್ಲವರು ಅವರು. ಬಾಗಿಲು ತಟ್ಟಿದ್ದು ಗಾಳಿ ಬಂದ ಮೇಲಲ್ಲ, ಬರುವ ಮುನ್ನ.

2021ರ ಮೇ ತಿಂಗಳಿನಲ್ಲಿ ತೌಕ್ತೆ ನಮ್ಮ ಕರಾವಳಿಯ ಮನೆ, ದೋಣಿ, ರಸ್ತೆಗಳನ್ನು ಹಾಳುಮಾಡಿತು. ಚಂಡಮಾರುತ ಪೂರ್ವದ ಕಡಲಿನ ಕಾಟವೆಂದು ಸುಮ್ಮನಿರುವ ಕಾಲ ನಮಗೂ ಇಲ್ಲ. ಫೋನು ಕೈಕೊಡುವ ದಿನ ನಮ್ಮ ಬೀದಿಯಲ್ಲಿ ಒಂಟಿಯಾಗಿರುವವರು ಯಾರು, ಅವರ ಬಾಗಿಲು ತಟ್ಟುವವರು ಯಾರು ಎಂಬುದನ್ನು ಬಿಸಿಲಿರುವಾಗಲೇ ತಿಳಿದಿಟ್ಟುಕೊಳ್ಳಬಹುದು. ಅದಕ್ಕೆ ತಂತಿಯೂ ಬೇಡ, ಗೋಪುರವೂ ಬೇಡ.