ಅಡ್ಕಗಳ ದಾರಿ: ವಿಟ್ಲದಿಂದ ಗಡಿಯವರೆಗೆ

ಶಾಸನ ನೋಡಬೇಕಾದರೆ ದೊಡ್ಡ ಕ್ಷೇತ್ರಕ್ಕೇ ಹೋಗಬೇಕು ಅಂತ ನಮ್ಮಲ್ಲಿ ಒಂದು ನಂಬಿಕೆ ಉಂಟು. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ಕದ್ರಿಯಲ್ಲಿ ಕ್ರಿ.ಶ. 968ರ ಬರಹವಿರುವ ಲೋಕೇಶ್ವರ ವಿಗ್ರಹ. ಹಾಗಾದರೆ ವಿಟ್ಲದ ಕಡೆ ಎಂತ ಉಂಟು? ಗೆಳೆಯರು ಕೇಳುತ್ತಲೇ ಇರುತ್ತಾರೆ. ಕಲ್ಲಡ್ಕದಲ್ಲಿ ಒಂದು ಕೆ.ಟಿ. ಕುಡಿದು ಚೆರ್ಕಳದ ರಸ್ತೆ ಹಿಡಿದೆ.

ಮೊದಲು ಊರುಗಳ ಹೆಸರನ್ನೇ ಓದಿ ನೋಡಿ. ಕಲ್ಲಡ್ಕ, ಅಡ್ಯನಡ್ಕ, ಸಾರಡ್ಕ, ಅಡ್ಕಸ್ಥಳ, ಉಕ್ಕಿನಡ್ಕ, ಬದಿಯಡ್ಕ. ಅಡ್ಕ ಎಂದರೆ ತುಳುವಿನಲ್ಲಿ ಸಮತಟ್ಟಾದ ಬಯಲು. ಗುಡ್ಡ, ತೋಟ, ತೋಡುಗಳ ಈ ಸೀಮೆಯಲ್ಲಿ ತಲೆಹೊರೆ ಇಳಿಸಲು, ಎತ್ತು ಬಿಚ್ಚಲು ಸಮತಟ್ಟು ಜಾಗ ಬೇಕಲ್ಲ? ಹಳೆಯ ದಾರಿಗಳು ಒಂದು ಅಡ್ಕದಿಂದ ಇನ್ನೊಂದು ಅಡ್ಕಕ್ಕೆ ಹಾದಿರಬೇಕು ಅಂತ ನನಗೆ ಅನ್ನಿಸುತ್ತದೆ. ಯಾವ ಕಲ್ಲಿನ ಮೇಲೂ ಕೆತ್ತದೆ ಬಾಯಿಂದ ಬಾಯಿಗೆ ಉಳಿದು ಬಂದ ಬರಹ ಇದು.

ವಿಟ್ಲ ಡೊಂಬ ಹೆಗ್ಗಡೆ ಅರಸು ಮನೆತನದ ಊರು. ಇಲ್ಲಿನ ಪಂಚಲಿಂಗೇಶ್ವರ ದೇವಸ್ಥಾನ ಗಜಪೃಷ್ಠಾಕಾರದ್ದು. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ. ಉಡುಪಿಯ ಅನಂತೇಶ್ವರದ್ದೂ ಇದೇ ಬಗೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂಬುದು ಊರವರ ಐತಿಹ್ಯ. ಇತಿಹಾಸ ಅದಕ್ಕಿಂತ ಕಠಿಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆನರಾ ಕಂಪನಿಯ ಕೈಗೆ ಬಂತು, ಥಾಮಸ್ ಮನ್ರೋ ಕಲೆಕ್ಟರ್ ಆದ. ಆತನ ಕಾಲದಲ್ಲೇ ವಿಟ್ಲದ ಹೆಗ್ಗಡೆಯವರು ಕಂಪನಿಗೆ ಎದುರು ನಿಂತು ಪ್ರಾಣ ತೆತ್ತರು.

ಮುಂದೆ ಅಡ್ಯನಡ್ಕ. ನಾಲ್ಕು ಅಂಗಡಿ, ಒಂದು ಬಸ್ ಸ್ಟಾಂಡು, ಸುತ್ತ ಅಡಿಕೆ ತೋಟ. ಸಾರಡ್ಕ ದಾಟಿದರೆ ಕೇರಳ. 1956ರ ನವೆಂಬರ್ 1ಕ್ಕೆ ಮೊದಲು ಈ ಗಡಿ ಇರಲಿಲ್ಲ. ಕಾಸರಗೋಡು ಕೂಡ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕೇ. ಈಗ ರಸ್ತೆ ಬದಿಯ ಫಲಕಗಳಲ್ಲಿ ಮಲಯಾಳ ಲಿಪಿ ಶುರುವಾಗುವುದನ್ನು ನೋಡಿದರೆ ರಾಜ್ಯ ಬದಲಾದದ್ದು ತಿಳಿಯುತ್ತದೆ. ತೋಟ ಮಾತ್ರ ಎರಡೂ ಕಡೆ ಒಂದೇ. ಅದೇ 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಸಿ.ಪಿ.ಸಿ.ಆರ್.ಐ.ಗೆ ಸೇರಿತು. 1972ರಲ್ಲಿ ಅಲ್ಲಿಂದ ಹೊರಬಂದ 'ಮಂಗಳ' ತಳಿಯನ್ನು ಈ ಕಡೆಯ ಕೃಷಿಕರೆಲ್ಲ ಬಲ್ಲರು.

ಇನ್ನು ನನ್ನದೇ ಒಂದು ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ರಸ್ತೆ ಬದಿಯಲ್ಲಿ ಅರ್ಧ ಹೂತ ಕಲ್ಲೊಂದು ಕಂಡಿತ್ತು. ಮೇಲ್ಗಡೆ ಸೂರ್ಯ-ಚಂದ್ರ, ಕೆಳಗೆ ಸವೆದ ಗೆರೆಗಳು. ದಾನದ ಕಲ್ಲುಗಳಲ್ಲಿ ಸೂರ್ಯ-ಚಂದ್ರ ಸಾಮಾನ್ಯ. ಅವರಿರುವಷ್ಟು ಕಾಲ ದಾನ ನಡೆಯಲಿ ಅಂತ ಅರ್ಥ. ಸಂಜೆಯಾಗಿತ್ತು, ಮಳೆ ಬೇರೆ. ಇನ್ನೊಮ್ಮೆ ಬಂದು ಅಚ್ಚು ತೆಗೆದರಾಯ್ತು ಅಂತ ಹೊರಟುಬಿಟ್ಟೆ. ಮುಂದಿನ ಸಲ ಹೋದಾಗ ಆ ತಿರುವಿನಲ್ಲಿ ರಸ್ತೆ ಅಗಲವಾಗಿತ್ತು.

ಅಂಗಡಿಯ ಹಿರಿಯರನ್ನು ಕೇಳಿದೆ.

"ಆ ಕಲ್ಲಾ? ಜೆಸಿಬಿ ಬಂದಿತ್ತಲ್ಲ ಮಾರಾಯ್ರೆ, ಮೋರಿಯ ಅಡಿಗೆ ಹೋಗಿರ್ಬೇಕು. ನೀವು ಆವತ್ತೇ ಹೇಳಿದ್ರೆ ನಾವೇ ಎತ್ತಿಡ್ತಿದ್ದೆವು."

ಅವರ ಕೊನೆಯ ಮಾತು ಇವತ್ತಿಗೂ ಚುಚ್ಚುತ್ತದೆ. ಅದು ಕಲ್ಲು ಅಂತ ಊರವರಿಗೆ ಗೊತ್ತಿತ್ತು. ಅದು ದಾಖಲೆ ಅಂತ ನನಗೊಬ್ಬನಿಗೇ ಗೊತ್ತಿತ್ತು, ನಾನು ಹೇಳಲಿಲ್ಲ.

ಆದ್ದರಿಂದ ಓದುಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮೂರಿನ ರಸ್ತೆ ಬದಿಯಲ್ಲಿ ಇಂಥ ಕಲ್ಲು ಕಂಡರೆ ಸುಣ್ಣ, ಬಣ್ಣ ಬಳಿಯಬೇಡಿ, ಕಬ್ಬಿಣದಿಂದ ಕೆರೆಯಬೇಡಿ. ಬೆಳಗ್ಗೆಯ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ. ಸವೆದ ಅಕ್ಷರ ಆಗಲೇ ಎದ್ದು ಕಾಣುವುದು. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ, ಜಾಗ ಬರೆದಿಡಿ. ಪಂಚಾಯತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ. ಎಲ್ಲಕ್ಕಿಂತ ಮೊದಲು, ಹತ್ತಿರದ ಅಂಗಡಿಯವರಿಗೆ ಹೇಳಿಬಿಡಿ. ಜೆಸಿಬಿ ಬರುವಾಗ ಅಲ್ಲಿ ಇರುವವರು ಅವರೇ.