ಡೋನಾವೂರಿನ ಅಕ್ಕಂದಿರು

ಅನಾಥಾಲಯದಿಂದ ನಮ್ಮ ಶಾಲೆಗೆ ಬರುತ್ತಿದ್ದ ಬಾಲಕಿಯೊಬ್ಬಳು, ಅರ್ಜಿಯಲ್ಲಿ ತಾಯಿಯ ಹೆಸರಿರಬೇಕಾದ ಕಡೆ ತನ್ನನ್ನು ಸಾಕಿದ ‘ದೊಡ್ಡಮ್ಮ’ನ ಹೆಸರು ಬರೆಯಲೇ ಎಂದು ಕೇಳಿದಳು. ಕೂಡದೆಂದೆ. ಏಮಿ ಕಾರ್ಮೈಕಲ್ ಅವರ ಚರಿತ್ರೆ ಓದಿದಾಗಲೆಲ್ಲ ಅದು ನೆನಪಾಗುತ್ತದೆ.

ಐರ್ಲೆಂಡಿನ ಈ ಮಹಿಳೆ 1895ರಲ್ಲಿ ಬಂದದ್ದು ನಮ್ಮ ಬೆಂಗಳೂರಿಗೆ. ಅನಂತರ ತಿರುನೆಲ್ವೇಲಿ ಸೀಮೆಗೆ ತೆರಳಿದರು. ದೇವಾಲಯಕ್ಕೆ ಒಪ್ಪಿಸಲಿದ್ದ ಏಳು ವರ್ಷದ ಬಾಲೆ 1901ರಲ್ಲಿ ತಪ್ಪಿಸಿಕೊಂಡು ಅವರ ಬಳಿಗೆ ಬಂದಳು. 1904ರಿಂದ ಹಸುಗೂಸುಗಳೂ ಬರತೊಡಗಿದವು.

ಕಷ್ಟ ಆರಂಭವಾದದ್ದು ಅಲ್ಲಿ. ಊರೂರು ತಿರುಗಿ ಧರ್ಮಬೋಧೆ ಮಾಡುತ್ತಿದ್ದ ಸ್ತ್ರೀಯರು ಈಗ ರಾತ್ರಿಯಿಡೀ ಎಚ್ಚರವಿದ್ದು ಹಾಲೂಡಿಸಬೇಕು, ಪರರ ಮಕ್ಕಳ ಹೊಲಸು ಬಟ್ಟೆ ಒಗೆಯಬೇಕು. ಅದು ಕೀಳು ಕೆಲಸವೆಂಬ ಭಾವನೆ ಆಗ ಬಲವಾಗಿತ್ತು. (ಈಗ ಹೋಗಿದೆಯೇ?) ಏಮಿ ಉಪದೇಶಕ್ಕಿಂತ ಮೊದಲು ತಾವೇ ಆ ಕೆಲಸಕ್ಕೆ ಕೈಹಚ್ಚಿದರು. ಯುವ ವಿಧವೆ ಪೊನ್ನಮ್ಮಾಳ್, ವೈದ್ಯರು ಹತ್ತಿರವಿದ್ದ ನೆಯ್ಯೂರಿನಲ್ಲಿ ಶಿಶುಗೃಹದ ಹೊಣೆ ಹೊತ್ತರು. 1915ರಲ್ಲಿ ತೀರಿಕೊಳ್ಳುವವರೆಗೆ ಏಮಿಯವರ ಬಲಗೈಯಾಗಿದ್ದರು. ಡೋನಾವೂರಿನಲ್ಲಿ ನಿಗದಿತ ಸಂಬಳವಿರಲಿಲ್ಲ. ಪಾಲಕಿಯರಿಗೆ ದೊರೆತದ್ದು ಸಂಬಂಧದ ಹೆಸರು: ತಮಿಳು ಸೋದರಿಯರು ಮಕ್ಕಳಿಗೆ ‘ಅಕ್ಕ’, ಹೊರದೇಶದಿಂದ ಬಂದವರು ‘ಚಿತ್ತಿ’, ಎಂದರೆ ಚಿಕ್ಕಮ್ಮ. ಸಾಕುವವರನ್ನು ತರಬೇತುಗೊಳಿಸಿದ್ದು ಬಹುಶಃ ಆ ಕರೆಯೇ ಎಂದು ನನ್ನ ಎಣಿಕೆ.

ಏಮಿ 1951ರಲ್ಲಿ ನಿಧನರಾದರು. ಸಮಾಧಿಗೆ ಕಲ್ಲು ಬೇಡವೆಂದಿದ್ದರು. ಅಲ್ಲಿ ಹಕ್ಕಿಗಳು ನೀರು ಕುಡಿಯುವ ಕಲ್ಲುಬಾನಿಯಿದೆ; ಅದರ ಮೇಲೆ ತಾಯಿ ಎಂಬರ್ಥದ ಒಂದೇ ಪದ.

ಅಂದಿನ ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ದೊಡ್ಡಮ್ಮನ ಹೆಸರು ನನಗೆ ಬರೆದು ತಿಳಿಸಮ್ಮ. ಅಂದು ನಾನು ಕೇಳಿಕೊಳ್ಳಲೂ ಇಲ್ಲ.